ಜಾಲಿಕುಂಟೆಯ ಹೆಣದ ಪೆಟ್ಟಿಗೆ

ಚೌಡಕ್ಕ ಸತ್ತಾಗ ಬೆಳಿಗ್ಗೆ ಎಂಟೂವರೆ. ಬಿಸಿಲು ಆಗಲೇ ಹೊಸ್ತಿಲು ದಾಟಿ ಒಳಗೆ ಬಂದಿತ್ತು.

ಮಗಳು ಭಾರ್ಗವಿ ಗಂಜಿಯ ಲೋಟ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಮೊದಲನೇ ಗುಟುಕು ಒಳಗೆ ಹೋಯಿತು. ಎರಡನೆಯದು ಬಾಯಿಯ ಅಂಚಿನಿಂದ ಕೆಳಗಿಳಿಯಿತು. ವೇಲಿನ ತುದಿಯಿಂದ ಒರೆಸಿದಳು. ಮೂರನೆಯದನ್ನು ಕೊಡಲು ಹೋದಾಗ ಕುಡಿಯುವವಳು ಅಲ್ಲಿರಲಿಲ್ಲ. ಕಣ್ಣು ತೆರೆದೇ ಇತ್ತು. ಮನೆಯ ಶೀಟಿನಲ್ಲಿದ್ದ ತೂತನ್ನು ನೋಡುತ್ತಿತ್ತು.

ಭಾರ್ಗವಿ ಅಳಲಿಲ್ಲ. ಮೊದಲು ಲೋಟ ಕೆಳಗಿಟ್ಟಳು. ಆಮೇಲೆ ಫೋನ್ ತೆಗೆದು ಕುವೈತಿಗೆ ಕರೆ ಮಾಡಿದಳು.

ಅಲ್ಲಿ ಆಗಿನ್ನೂ ಆರು ಗಂಟೆ. ಅಕ್ಕ ರಾಮಾಂಜಿನಮ್ಮ ಅರಬ್ಬರ ಮನೆಯ ಅಡುಗೆಕೋಣೆಯಲ್ಲಿ ಮಕ್ಕಳ ಡಬ್ಬಿ ಕಟ್ಟುತ್ತಿದ್ದಳು. ಭಾರ್ಗವಿ ಫೋನನ್ನು ಅವ್ವನ ಮುಖದ ಕಡೆ ತಿರುಗಿಸಿದಳು. ಆ ಕಡೆಯಿಂದ ಸದ್ದೇ ಬರಲಿಲ್ಲ. ಮನೆಯವರು ಮಲಗಿದ್ದರು. ರಾಮಾಂಜಿನಮ್ಮ ತಲೆಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಬೆನ್ನು ಮಾತ್ರ ಅಲ್ಲಾಡುತ್ತಿತ್ತು. ಆಮೇಲೆ ಬಟ್ಟೆ ತೆಗೆದು ಒಂದೇ ಮಾತು ಆಡಿದಳು.

"ಮಣ್ಣು ಮಾಡ್ಬ್ಯಾಡ್ರಿ ಕಣೇ. ನಾನು ಬತ್ತೀನಿ. ನಾನು ಬರೋಗಂಟ ಮಡಗ್ರಿ."

ಅವಳು ಊರು ಬಿಟ್ಟು ಒಂಬತ್ತು ವರ್ಷ. ಹಿಂದೂಪುರದ ಏಜೆಂಟನೊಬ್ಬ ಕಳಿಸಿದ್ದು. ಅಂದಿನಿಂದ ಒಮ್ಮೆಯೂ ಬಂದಿರಲಿಲ್ಲ. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ ಒಂದು ಗಿಣಿಯೊಳಗೆ ಇರುತ್ತಿತ್ತು. ಅಕ್ಕನ ಜೀವ ಮೇಡಂ ಬೀರುವಿನೊಳಗಿನ ಪಾಸ್‌ಪೋರ್ಟಿನಲ್ಲಿದೆ ಎಂದು ಭಾರ್ಗವಿಗೆ ಎಷ್ಟೋ ಸಲ ಅನ್ನಿಸಿದ್ದುಂಟು. ಆ ಬೀರು ಅವತ್ತು ತೆರೆಯಿತು. ಒಂಬತ್ತೂವರೆಗೆ ಅಕ್ಕನೇ ಮತ್ತೆ ಫೋನ್ ಮಾಡಿದಳು. ನಾಳೆಯ ವಿಮಾನಕ್ಕೆ ಟಿಕೆಟ್ ಸಿಕ್ಕಿದೆ, ನಾಡಿದ್ದು ಮಧ್ಯಾಹ್ನ ಊರಲ್ಲಿರುತ್ತೇನೆ ಎಂದಳು.

"ಎರಡು ದಿನ ಆಗ್ತದಲ್ಲಕ್ಕಾ. ಈ ಬಿಸ್ಲಾಗೆ ಹೆಂಗೆ?"

"ನಮ್ ಬಾಕ್ಸ್ ಐತಲ್ಲೇ. ಅದ್ರಾಗೆ ಮಡಗ್ರಿ. ಅದ್ಕೇ ತಾನೆ ತಂದಿದ್ದು?"

ನಮ್ ಬಾಕ್ಸ್. ಅಕ್ಕ ಅದನ್ನು ಹಾಗೆಯೇ ಕರೆಯುತ್ತಿದ್ದಳು.

ಜಾಲಿಕುಂಟೆ ಆಂಧ್ರದ ಗಡಿಯೊಳಗೆ, ಕುಂದುರ್ಪಿ ಮಂಡಲದ ಕನ್ನಡದ ಊರು. ಮೇಲಿನ ಕೇರಿಯಲ್ಲಿ ಕಡಲೆಕಾಯಿ ವ್ಯಾಪಾರದವರು, ಹೊಲ ಇರುವವರು. ನಡುವೆ ಒಂದು ಒಣ ಹಳ್ಳ. ಹಳ್ಳದ ಈಚೆ ಎಸ್ಸಿ ಕಾಲೋನಿ. ಕಾಲೋನಿಯ ಆರು ಹೆಂಗಸರು ಕುವೈತಿನಲ್ಲಿ ಮನೆಗೆಲಸಕ್ಕಿದ್ದಾರೆ. ಮೇಲಿನ ಕೇರಿಯ ಮೂರು ನಾಲ್ಕು ಮನೆಯವರೂ ಹೊರದೇಶದಲ್ಲಿದ್ದಾರೆ. ಅವರಲ್ಲಿ ದೊಡ್ಡವನು ಸಿದ್ದಲಿಂಗೇಶ್. ಮೆಲ್ಬರ್ನ್‌ನಲ್ಲಿ ನಮ್ಮ ಕಡೆಯ ದಿನಸಿ ಮಾರುವ ಅಂಗಡಿಗಳಿವೆ ಅವನಿಗೆ. ಮೂರು ವರ್ಷದ ಹಿಂದೆ ಅವನು ಫೋನಿನಲ್ಲಿ 'ಜಾಲಿಕುಂಟೆ ಹೊರದೇಶ ಬಳಗ' ಅಂತ ಒಂದು ಗ್ರೂಪ್ ಮಾಡಿದ. ಹುಟ್ಟಿದ ಊರಿಗೆ ಏನಾದರೂ ಮಾಡೋಣ ಎಂದ. ಜಾತಿ ಪಾತಿ ನೋಡದೆ ಹೊರಗಿರುವವರನ್ನೆಲ್ಲ ಸೇರಿಸಿದ. ಕಾಲೋನಿಯ ಆರು ಹೆಂಗಸರನ್ನೂ ಸೇರಿಸಿದ. ಅವತ್ತು ರಾಮಾಂಜಿನಮ್ಮ ತಂಗಿಗೆ ಫೋನ್ ಮಾಡಿ ನಕ್ಕಿದ್ದಳು.

"ನೋಡೇ, ತೋಟಪ್ಪ ಸಾವ್ಕಾರ್ರ ಅಣ್ಣನ ಮಗನ ಹೆಸ್ರು. ಅದ್ರ ಕೆಳ್ಗೇ ನನ್ನ ಹೆಸ್ರು. ಮಧ್ಯೆ ಹಳ್ಳ ಇಲ್ಲ ಕಣೇ!"

ಬಳಗದಿಂದ ಕುಡಿಯುವ ನೀರಿನ ಪ್ಲಾಂಟ್ ಬಂತು. ಸಮುದಾಯ ಭವನ ಬಂತು. ನಿಮಗೇನು ಬೇಕು ಎಂದು ಸಿದ್ದಲಿಂಗೇಶ್ ಕೇಳಿದಾಗ ಕುವೈತಿನ ಆರು ಹೆಂಗಸರೂ ಒಂದೇ ಕೇಳಿದರು. ಹೆಣ ಕೆಡದಂತೆ ಇಡುವ ಫ್ರೀಜರ್ ಪೆಟ್ಟಿಗೆ. ಯಾಕೆಂದರೆ ಅದರ ಹಿಂದಿನ ವರ್ಷ ಪಕ್ಕದ ಮನೆ ಓಬಕ್ಕನ ಗಂಡ ಸತ್ತಾಗ, ಅವಳ ಮಗಳು ಕುವೈತಿನಿಂದ ಮೂರನೇ ದಿನ ಬಂದು ಮುಟ್ಟಿದ್ದಳು. ಆಗಲೇ ಮಣ್ಣು ಎಳೆದಾಗಿತ್ತು. ಆ ಹುಡುಗಿ ಗುಡ್ಡೆಯನ್ನು ಕೈಯಿಂದ ಕೆದಕಿದಳು. ಉಗುರು ಕಿತ್ತು ಬಂದರೂ ಬಿಡಲಿಲ್ಲ. ನಾಲ್ಕು ಜನ ಹಿಡಿದು ಎಳೆಯಬೇಕಾಯಿತು.

ಪೆಟ್ಟಿಗೆಗೆ ಆ ಆರೂ ಜನ ಒಂದು ರಂಜಾನ್ ತಿಂಗಳ ದುಡಿಮೆ ಕಳಿಸಿದರು. ರಂಜಾನ್ ಅಂದರೆ ಅಲ್ಲಿ ಮಧ್ಯಾಹ್ನ ಹಚ್ಚಿದ ಒಲೆ ಮರುದಿನ ಬೆಳಗಿನ ಜಾವಕ್ಕೆ ಆರುವುದು. ನಿಂತೇ ನಿಂತು ಕಾಲು ಬಾತು ಚಪ್ಪಲಿಗೆ ಹೋಗುವುದಿಲ್ಲ. ಆ ಕಾಲಿನ ಫೋಟೋ ಅಕ್ಕ ಭಾರ್ಗವಿಗೆ ಕಳಿಸಿದ್ದಳು. ಪೆಟ್ಟಿಗೆ ಬಂದ ಮೇಲೆ ಮೇಲಿನ ಕೇರಿಯ ಭವನದಲ್ಲೇ ಇರಲಿ, ಅಲ್ಲಿ ಕರೆಂಟು ಗಟ್ಟಿ ಎಂದರು ತೋಟಪ್ಪ ಸಾವ್ಕಾರ್ರು. ಅದು ಸುಳ್ಳಲ್ಲ. ಕಾಲೋನಿಯ ಕರೆಂಟಿನಲ್ಲಿ ಫ್ಯಾನೇ ಕೈಯಿಂದ ತಳ್ಳಿದರೆ ತಿರುಗೀತು. ಹೀಗೆ ಪೆಟ್ಟಿಗೆ ಭವನ ಸೇರಿತು. ಅದರ ಮೇಲೆ ಸಿದ್ದಲಿಂಗೇಶನ ತೀರಿಹೋದ ಅಪ್ಪನ ಫೋಟೋ ಅಂಟಿತು.

ಈವರೆಗೆ ಅದರಲ್ಲಿ ಮಲಗಿದ್ದು ಒಂದೇ ಹೆಣ. ಸಿದ್ದಲಿಂಗೇಶನ ತಾಯಿ ಕರಿಬಸಮ್ಮ. ಮಗ ಬರುವವರೆಗೆ ಮೂರು ದಿನ.

ಮೇಲಿನ ಕೇರಿಯವರು ಹೆಣವನ್ನು ಮಲಗಿಸಿ ಹೂಳುವವರಲ್ಲ. ಉಸಿರು ಹೋದ ಕೂಡಲೇ, ಮೈ ಬಿಗಿಯುವ ಮೊದಲೇ, ಗೋಡೆಗೆ ಒರಗಿಸಿ ಚಕ್ಕಳಮಕ್ಕಳ ಕೂರಿಸುತ್ತಾರೆ. ಕೂತಂತೆಯೇ ಅಂಗೈಯಲ್ಲಿ ಲಿಂಗವಿಟ್ಟು ಕುಣಿಗೆ ಇಳಿಸುತ್ತಾರೆ. ಆದರೆ ಪೆಟ್ಟಿಗೆ ಉದ್ದಕ್ಕಿತ್ತು. ಮಗ ಅಲ್ಲಿಂದ ಪೆಟ್ಟಿಗೆಯಲ್ಲೇ ಇಡಿ ಎಂದ. ಇವರು ಮಲಗಿಸಿದರು. ಆಮೇಲೆ ಹೇಗೆ ಕೂರಿಸುವುದು ಎಂದು ಯಾರೂ ಯೋಚಿಸಲಿಲ್ಲ. ಮಗ ಮೆಲ್ಬರ್ನ್‌ಗೆ ವಾಪಸ್ಸು ಹೋದ ಮೇಲೆ ಬಳಗಕ್ಕೆ ಹೀಗೆ ಬರೆದ: "ಮೂರು ದಿನ ಮಲಗಿದ್ದ ನನ್ನವ್ವ, ನಾನು ಬಂದು ಪಾದ ಮುಟ್ಟಿದ ಮೇಲೆ ತಾನಾಗಿಯೇ ಮೈ ಸಡಿಲಿಸಿ ಕೂತಳು. ಅದು ಶಿವನ ಪವಾಡ." ಮೆಲ್ಬರ್ನ್, ದುಬೈ, ಕುವೈತುಗಳಿಂದ ಎಲ್ಲರೂ ಕೈಮುಗಿದರು. ರಾಮಾಂಜಿನಮ್ಮನೂ ಮುಗಿದಳು.

ಅದಾದ ಮೇಲೆ ಮೇಲಿನ ಕೇರಿಯಲ್ಲಿ ಯಾರೂ ಆ ಪೆಟ್ಟಿಗೆಯ ಸುದ್ದಿ ಎತ್ತಲಿಲ್ಲ. ಅದಕ್ಕೊಂದು ಹೊದಿಕೆ ಹಾಕಿ ಭವನಕ್ಕೆ ಬೀಗ ಜಡಿದರು.

ಭಾರ್ಗವಿ ಬೀಗದ ಕೈ ಕೇಳಲು ಹೋದಾಗ ತೋಟಪ್ಪ ಜಗುಲಿಯ ಮೇಲೆ ಕೂತು ಕಡಲೆಕಾಯಿಯ ಮಾದರಿ ಚೀಲಕ್ಕೆ ಕೈ ಹಾಕಿ ನೋಡುತ್ತಿದ್ದ. ಸಿದ್ದಲಿಂಗೇಶನ ಚಿಕ್ಕಪ್ಪ. ಭವನದ ಕಮಿಟಿಗೆ ಅಧ್ಯಕ್ಷ.

"ಚೌಡಕ್ಕ ಹೋಗ್ಬುಟ್ಲಂತೆ? ಒಳ್ಳೆ ಹೆಂಗ್ಸು ಕಣಮ್ಮ. ನಮ್ಮ ಕಣದಾಗೆ ಇಪ್ಪತ್ತು ವರ್ಷ ಕಾಯಿ ಬಿಡ್ಸವ್ಳೆ. ಒಂದಿನ ಎದುರು ಮಾತಾಡ್ಲಿಲ್ಲ."

ಭಾರ್ಗವಿ ಬಂದ ಕೆಲಸ ಹೇಳಿದಳು.

ತೋಟಪ್ಪ ಒಂದು ಕಾಯಿ ಒಡೆದ. ಬೀಜ ಬಾಯಿಗೆ ಹಾಕಿಕೊಂಡ. "ಅದು ಕಮಿಟಿ ಕೈಲೈತಲ್ಲಮ್ಮ."

"ಕಮಿಟಿ ಅಧ್ಯಕ್ಷರು ನೀವೇ ಅಲ್ವಾ ಸಾವ್ಕಾರ್ರೆ?"

"ನಾನೇ. ಆದ್ರೂ ನಾಕು ಜನದ್ನ ಕೇಳ್ಬೇಕಲ್ಲ. ನೀನು ಓದ್ದೋಳು, ನಿಂಗೆ ಬಿಡ್ಸಿ ಹೇಳ್ಬೇಕಾ? ಒಂದ್ಸಲ ನಿಮ್ಮೋರ್ನ ಮಲಗ್ಸಿದ್ರೆ, ನಾಳೆ ನಮ್ಮೋರು ಯಾರಾನ ಅದ್ರಾಗೆ ಮಲಗ್ತಾರಾ?"

"ಮಲಗೋದು ಹೆಣ ಸಾವ್ಕಾರ್ರೆ. ಹೆಣ ಒಲ್ಲೆ ಅಂತೈತಾ?"

ತೋಟಪ್ಪನ ಬಾಯಿ ಅಗಿಯುವುದು ನಿಂತಿತು. "ಹಿಂದೂಪುರದ ಫ್ಯಾಕ್ಟ್ರೀಲಿ ಮಾತೂ ಹೊಲಿಯಾದು ಕಲಿಸ್ತಾರೇನಮ್ಮ?" ಅಂದ. ಅವಳು ಅಲ್ಲಿನ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸಕ್ಕಿದ್ದಳು. ತೋಟಪ್ಪ ಆಮೇಲೆ ದನಿ ಇಳಿಸಿದ. "ನೋಡು, ಕಲ್ಯಾಣದುರ್ಗದಿಂದ ಐಸ್ ತರ್ಸ್ಕಳ್ರಿ. ಆಟೋ ಬಾಡ್ಗೆ ನಾನು ಕೊಡ್ತೀನಿ. ಸಾವಿನ ಮನೆಗೆ ಇಲ್ಲ ಅನ್ನೋನಲ್ಲ ನಾನು."

"ಬಾಡ್ಗೆ ಬ್ಯಾಡ. ಬೀಗದ ಕೈ ಕೊಡ್ರಿ."

"ಹೋಗಮ್ಮ. ಬಿಸ್ಲು ಏರ್ತೈತೆ."

ಅಂಗಾಲು ಸುಡುತ್ತಿದ್ದುದು ಭಾರ್ಗವಿಗೆ ಆಗ ಗೊತ್ತಾಯಿತು. ಜಗುಲಿಯಿಂದ ಹತ್ತು ಮಾರು ದೂರದಲ್ಲಿ ಚಪ್ಪಲಿ ಬಿಟ್ಟು ಬಂದಿದ್ದಳು. ಬಿಡು ಎಂದು ಯಾರೂ ಹೇಳಿರಲಿಲ್ಲ. ಅವ್ವ ಬಿಡುತ್ತಿದ್ದ ಜಾಗ ಅದು. ಕಾಲು ತಾನಾಗಿ ಬಿಟ್ಟಿತ್ತು. ಅವಳಿಗೆ ತನ್ನ ಕಾಲಿನ ಮೇಲೇ ಸಿಟ್ಟು ಬಂತು.

ಹತ್ತೂವರೆ. ಕಲ್ಯಾಣದುರ್ಗದಲ್ಲಿ ಇಂಥ ಪೆಟ್ಟಿಗೆ ಬಾಡಿಗೆಗೆ ಕೊಡುವವನಿಗೆ ಫೋನ್ ಮಾಡಿದಳು. "ರೆಂಡೂ ಬೈಟ ಉನ್ನಾಯಮ್ಮಾ" ಅಂದ. ಎರಡೂ ಹೊರಗೆ ಹೋಗಿವೆ, ಒಂದು ಕಂಬದೂರಿನಲ್ಲಿ, ಇನ್ನೊಂದು ಅದರಾಚೆ, ನಾಳೆ ಸಂಜೆಗೆ ನೋಡೋಣ. ಹಿಂದೂಪುರದವನು, ಅಷ್ಟು ದೂರಕ್ಕೆ ಎರಡು ದಿನ ಕೊಡೋದಿಲ್ಲ ಎಂದ. ಕೊನೆಗೆ ಐಸ್. ಜ್ಯೂಸ್ ಅಂಗಡಿಗೆ ಐಸ್ ಹಾಕುವವನ ಹತ್ತಿರ ನಾಲ್ಕು ಗಡ್ಡೆ ಮಾತಾಡಿದಳು. ಹೊಟ್ಟು ಮುಚ್ಚಿ, ಗೋಣಿತಾಟು ಸುತ್ತಿ ಆಟೋ ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ನಾಲ್ಕು ಗಡ್ಡೆ ಎರಡಾಗಿದ್ದವು. ಹೆಂಗಸರು ಒಡೆದು ಅವ್ವನ ಪಕ್ಕೆಗೆ, ಹೊಟ್ಟೆಯ ಮೇಲೆ, ಕತ್ತಿನ ಕೆಳಗೆ ಇಟ್ಟರು. ಶೀಟಿನ ಮನೆ ಒಲೆಯ ಹಾಗೆ ಕಾದಿತ್ತು. ನೀರು ನೆಲದಗಲ ಹರಿದು ಹೊಸ್ತಿಲು ದಾಟಿತು. ಆ ನೀರಿನ ಹಿಂದೆಯೇ ಇರುವೆ ಬಂದವು.

ಓಬಕ್ಕ ಒದ್ದೆ ಬಟ್ಟೆಯಿಂದ ಇರುವೆ ಒರೆಸುತ್ತಿದ್ದಳು. ಒರೆಸಿದಷ್ಟೂ ಬರುತ್ತಿದ್ದವು. ಮೂರು ಗಂಟೆಯ ಹೊತ್ತಿಗೆ ಅವ್ವನ ಮುಖದ ಒಂದು ಮಗ್ಗುಲು ಊದಿಕೊಂಡಿತು. ತುಟಿ ದಪ್ಪಗಾಯಿತು. ಓಬಕ್ಕ ಅದನ್ನು ನೋಡಿದಳು. ಭಾರ್ಗವಿಯನ್ನು ನೋಡಿದಳು. ಮತ್ತೆ ಇರುವೆ ಒರೆಸತೊಡಗಿದಳು.

"ಇವತ್ತೇ ಮಣ್ಣು ಮಾಡ್ಬುಡಾನಾ ಮಗ?" ಎಂದು ಕೇಳಿದ್ದು ನಾರಪ್ಪ. ಚೌಡಕ್ಕನ ತಮ್ಮ. ಊರಿನ ಕುಣಿಗಳನ್ನೆಲ್ಲ ತೆಗೆಯುವವನು ಅವನೇ, ಎರಡೂ ಕೇರಿಯವರದನ್ನು. "ನಿಮ್ಮಕ್ಕಂಗೆ ನಾನು ಹೇಳ್ತೀನಿ. ಅವ್ಳು ಇದ್ನ ನೋಡಾದು ಬ್ಯಾಡ."

ಭಾರ್ಗವಿ ಅವನನ್ನೇ ದಿಟ್ಟಿಸಿದಳು. "ಮಂಚ ಹಿಡಿ ಮಾಮ."

"ಎಲ್ಲಿಗೆ?"

"ಭವನಕ್ಕೆ."

ಯಾರೂ ಅಲ್ಲಾಡಲಿಲ್ಲ. ಕಾಲೋನಿಯ ಹೆಣ ಮೇಲಿನ ಕೇರಿಯ ಬೀದಿಯಲ್ಲಿ ಹೋಗುವುದಿಲ್ಲ. ಹಳ್ಳದ ದಂಡೆ ಹಿಡಿದು ಸುತ್ತಿ ಹೋಗುತ್ತದೆ. ಎಂದಿನಿಂದ ಹಾಗೆ ಎಂದು ಯಾರಿಗೂ ಗೊತ್ತಿಲ್ಲ. ಭಾರ್ಗವಿ ತಾನೇ ಹೋಗಿ ಮಂಚದ ತಲೆಯ ಕಡೆ ಹಿಡಿದು ಎತ್ತಿದಳು. ಒಬ್ಬಳ ಕೈಗೆ ಅದು ಏಳಲಿಲ್ಲ. ಒಂದು ಮೂಲೆ ಮಾತ್ರ ಎದ್ದು, ಅವ್ವ ಪಕ್ಕಕ್ಕೆ ವಾಲಿದಳು. ಐಸಿನ ಚೂರುಗಳು ಜಾರಿ ನೆಲಕ್ಕೆ ಬಿದ್ದವು. ಓಬಕ್ಕ ಬಟ್ಟೆ ಬಿಸಾಡಿ ಬಂದು ಎರಡನೇ ಮೂಲೆ ಹಿಡಿದಳು. ಗುಡ್ಡೆ ಕೆದಕಿದ ಹುಡುಗಿಯ ತಾಯಿ ಅವಳು. ಆಮೇಲೆ ನಾರಪ್ಪ ಬಂದ. ಆಮೇಲೆ ಉಳಿದವರು.

ಮೇಲಿನ ಕೇರಿಯಲ್ಲಿ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಭವನದ ಮೆಟ್ಟಿಲ ಮುಂದೆ ಮಂಚ ಇಳಿಸಿದಾಗ ಮೂರೂವರೆ. ತೋಟಪ್ಪ ಬೀಗದ ಮುಂದೆ ನಿಂತಿದ್ದ. ಜೊತೆಯಲ್ಲಿ ಅವನ ಮಗ ಹಾಲೇಶ, ಇನ್ನೂ ಹತ್ತು ಜನ.

"ಯಾರ್ನ ಕೇಳಿ ಈ ಬೀದ್ಯಾಗೆ ತಂದ್ರಿ?"

ಭಾರ್ಗವಿ ಫೋನ್ ತೆಗೆದಳು. ಅಕ್ಕ ಕಳಿಸಿದ್ದ ಸಿದ್ದಲಿಂಗೇಶನ ನಂಬರಿಗೆ ವಿಡಿಯೋ ಕರೆ ಮಾಡಿದಳು. ಮೆಲ್ಬರ್ನ್‌ನಲ್ಲಿ ಸಂಜೆ ಕಳೆದಿತ್ತು. ಸಿದ್ದಲಿಂಗೇಶ್ ಊಟಕ್ಕೆ ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ. ಅವನ ಮಾತು ಮೆತ್ತಗಿತ್ತು.

"ಭಾರ್ಗವಿ, ನಿನ್ನ ಕಷ್ಟ ನಂಗೆ ಅರ್ಥ ಆಗುತ್ತಮ್ಮ. ನಾನೂ ತಾಯಿ ಕಳ್ಕೊಂಡೋನೇ. ಆದ್ರೆ ಊರಲ್ಲಿ ಇರೋರ ಮನಸ್ಸೂ ನೋಡ್ಬೇಕಲ್ವಾ. ಬಲವಂತ ಮಾಡಿದ್ರೆ ನಾಳೆ ಯಾವ ಕೆಲಸಾನೂ ಮುಂದಕ್ಕೆ ಹೋಗಲ್ಲ. ಒಂದ್ ಕೆಲಸ ಮಾಡ್ತೀನಿ. ನಿಮ್ ಕಾಲೋನಿಗೇ ಅಂತ ಬೇರೆ ಒಂದು ಬಾಕ್ಸ್ ಕೊಡಿಸ್ತೀನಿ. ಹೊಸದು. ಇದಕ್ಕಿಂತ ಒಳ್ಳೇದು."

"ಯಾವಾಗ ಅಣ್ಣ?"

"ಈ ವರ್ಷದಲ್ಲೇ."

"ನಮ್ಮವ್ವ ಇವತ್ತು ಸತ್ತವ್ಳೆ."

ಅವನು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಇದು ನಮ್ದೇ ಅಲ್ವಾ ಅಣ್ಣ? ನಮ್ಮಕ್ಕ, ಅವ್ರು ಆರು ಜನ, ಕಳ್ಸಿದ್ದು."

"ಬಳಗಕ್ಕೆ ಬಂದ್ಮೇಲೆ ಅದು ಎಲ್ಲರದೂ ಅಮ್ಮಾ. ನಂದು ನಿಂದು ಅನ್ನೋಕಾಗಲ್ಲ."

"ಎಲ್ಲರದೂ ಅಂದ್ರೆ ಅದ್ರಾಗೆ ನಾವು ಇಲ್ವಾ?"

ಮೆಟ್ಟಿಲ ಮೇಲಿದ್ದ ಯಾರೋ ನಕ್ಕರು. ಹಾಲೇಶ, "ಮಾತಾಡಿದ್ದು ಸಾಕು, ಎತ್ಕಂಡೋಗ್ರಿ, ವಾಸ್ನೆ ಬತ್ತಾ ಐತೆ" ಅಂದ. ಹೇಳಿ ಮೂಗಿಗೆ ಟವಲು ಹಿಡಿದ.

ಆ ಟವಲು ಕಂಡು ನಾರಪ್ಪನಿಗೆ ಏನಾಯಿತೋ. ಅವನು ಜಾಸ್ತಿ ಮಾತಿನವನಲ್ಲ. ಭಾರ್ಗವಿಯ ಕೈಯಿಂದ ಫೋನ್ ತೆಗೆದುಕೊಂಡ. ಅದನ್ನು ಹೇಗೆ ಹಿಡಿಯಬೇಕೋ ತಿಳಿಯದೆ ಎರಡೂ ಕೈಯಲ್ಲಿ ತಟ್ಟೆಯ ಹಾಗೆ ಹಿಡಿದ.

"ಸಿದ್ದಲಿಂಗೇಶಪ್ಪ, ನಾನು ಕುಣಿ ತೆಗ್ಯೋ ನಾರಪ್ಪ. ನಿಮ್ಮವ್ವನ ಕುಣೀನೂ ನಾನೇ ತೆಗ್ದಿದ್ದು. ಆಯಮ್ಮ ತಾನಾಗಿ ಕೂರ್ಲಿಲ್ಲ ಕಣಪ್ಪ. ನಾನು ಕೂರ್ಸಿದ್ದು."

"ಏಯ್ ನಾರ, ಬಾಯ್ ಮುಚ್ಲಾ!" ತೋಟಪ್ಪ ಎರಡು ಮೆಟ್ಟಿಲು ಇಳಿದ.

"ಮುಚ್ಕಂಡೇ ಇದ್ನಲ್ಲ ಸಾವ್ಕಾರ್ರೆ, ಒಂದೂವರೆ ವರ್ಷ." ನಾರಪ್ಪ ಫೋನಿನಿಂದ ಕಣ್ಣು ತೆಗೆಯಲಿಲ್ಲ. "ನೀನು ಬೆಂಗ್ಳೂರಿಂದ ಬಂದು ಪಾದ ಮುಟ್ಟಿ ಸ್ನಾನಕ್ಕೆ ಹೋದೆ. ಆವಾಗ ಇವ್ರು ನನ್ನ ಹಿತ್ಲು ಬಾಗ್ಲಾಗೆ ಒಳಕ್ಕೆ ಕರ್ಕಂಡ್ರು. ನಲವತ್ತು ವರ್ಷ ಆ ಮನೆಗೆ ದುಡ್ದಿದೀನಿ. ಒಳಕ್ಕೆ ಹೋಗಿದ್ದು ಅವತ್ತೊಂದೇ ದಿನ. ನಿಮ್ಮವ್ವ ಹಲಗೆ ಆಗಿದ್ಲು. ಬಿಸಿನೀರು ಬಟ್ಟೆ ಹಾಕ್ದೆ, ಬಗ್ಗಲಿಲ್ಲ. ತೊಡೆ ಮ್ಯಾಲೆ ಮಂಡಿ ಊರಿ ಎಳ್ದೆ, ಬಗ್ಗಲಿಲ್ಲ. ಅಯ್ಯನೋರು ಕಾಯ್ತಾವ್ರೆ, ಏನಾನ ಮಾಡು ಅಂದ್ರು ನಿಮ್ ಚಿಕ್ಕಪ್ಪ. ಹಾರೆ ತಿರುವಿ ಹಿಡ್ದೆ. ಮುರ್ದೆ. ಎರಡು ಮಂಡೀನೂ."

 ಮುಚ್ಚಿದ್ದ ಬಾಗಿಲುಗಳಲ್ಲಿ ಎರಡು ಮೂರು ತೆರೆದಿದ್ದವು.

"ಒಣಗಿದ ಜಾಲಿ ಕೊಂಬೆ ಮುರ್ದಂಗೆ ಸದ್ದು ಬಂತಪ್ಪ. ಆಯಮ್ಮ ನಂಗೆ ಬಿಸ್ಲಾಗೆ ಮಜ್ಜಿಗೆ ಹೊಯ್ದೋಳು. ಎತ್ತರದಿಂದ್ಲೇ ಹೊಯ್ತಿದ್ಲು, ಆದ್ರೂ ಹೊಯ್ತಿದ್ಲು. ಅಂಥೋಳ ಮಂಡಿ ಮುರ್ದ ಕೈ ಇದು. ನಂಗೊಂದು ಹೊಸ ಟವಲು ಕೊಟ್ರು, ಯಾರಿಗೂ ಹೇಳ್ಬ್ಯಾಡ ಅಂದ್ರು. ನಾನು ಹೋದ್ಮ್ಯಾಲೆ ಹಿತ್ಲಿಂದ ನಡುಮನೆ ಗಂಟ ಗಂಜ್ಲ ಹೊಯ್ದು ತೊಳ್ದ್ರು." ಅವನು ಮಂಚದ ಕಡೆ ತಲೆ ತಿರುಗಿಸಿ ನೋಡಿದ. "ಅವತ್ತು ನನ್ನ ಕೈ ಆಯ್ತಲ್ಲಪ್ಪ ನಿಮ್ಗೆ? ಇವತ್ತು ನಮ್ಮಕ್ಕ ಆಗಲ್ವಾ?"

ಫೋನಿನ ಪರದೆಯಲ್ಲಿ ಸಿದ್ದಲಿಂಗೇಶನ ಮುಖ ಕಾಣೆಯಾಗಿತ್ತು. ಬಿಳಿ ಗೋಡೆ, ದೀಪ ಕಾಣುತ್ತಿದ್ದವು. ಅಲ್ಲಿಂದ ದನಿ ಮಾತ್ರ ಬಂತು.

"ಚಿಕ್ಕಪ್ಪ. ಇದು ನಿಜಾನಾ?"

ತೋಟಪ್ಪ ನೆಲ ನೋಡಿದ.

ಅಷ್ಟರಲ್ಲಿ ಸುತ್ತ ಐದಾರು ಫೋನುಗಳು ಮೇಲೆದ್ದಿದ್ದವು. ಕಾಲೋನಿಯವರದೂ ಇತ್ತು, ಮೇಲಿನ ಕೇರಿಯವರದೂ ಇತ್ತು. ಸಿದ್ದಲಿಂಗೇಶನಿಗೆ ಅವು ಕಂಡಿರಬೇಕು. "ಬೀಗ ತೆಗೀರಿ" ಅಂದ. ಒಡನೆಯೇ, "ಮೊದ್ಲು ಆ ವಿಡಿಯೋ ನಿಲ್ಸೋಕೆ ಹೇಳಿ. ಗ್ರೂಪಿಗೆ ಹಾಕ್ಬೇಡಿ ಅಂತ ಹೇಳಿ" ಅಂದ. ಕರೆ ಕಟ್ಟಾಯಿತು.

ಬೀಗ ತೆಗೀರಿ ಅಂದದ್ದು ಯಾತಕ್ಕೆ ಎಂದು ಭಾರ್ಗವಿಗೆ ಅರ್ಥವಾಯಿತು. ಅವ್ವನಿಗಾಗಿ ಅಲ್ಲ. ಆದರೂ ಬೀಗ ತೆರೆಯುವಂತಾಯಿತು. ತೋಟಪ್ಪ ಬೀಗದ ಕೈಯನ್ನು ಅವಳ ಕೈಗೆ ಕೊಡಲಿಲ್ಲ. ಮೆಟ್ಟಿಲ ಮೇಲೆ ಬಿಸಾಡಿದ. ಅವಳು ಬಗ್ಗಿ ಎತ್ತಿಕೊಂಡಳು.

ಪೆಟ್ಟಿಗೆಯ ಮೋಟಾರು ಗುರ್ ಎಂದು ಶುರುವಾದಾಗ ನಾಲ್ಕಕ್ಕೆ ಹತ್ತು ನಿಮಿಷ. ಏಳು ಗಂಟೆ ಇಪ್ಪತ್ತು ನಿಮಿಷ ಅವ್ವ ಬಿಸಿಲ ಝಳದಲ್ಲಿದ್ದಳು.

ಮುಂದಿನ ಎರಡು ದಿನ ಕಾಲೋನಿಯ ಏಳು ಹೆಂಗಸರು ಭವನ ಬಿಟ್ಟು ಕದಲಲಿಲ್ಲ. ಹೊರಗೆ ಹೋಗಬೇಕಾದರೆ ಸರದಿಯಲ್ಲಿ ಒಬ್ಬೊಬ್ಬರೇ ಹೋಗಿ ಬಂದರು. ಓಬಕ್ಕ ಕರೆಂಟು ಬೋರ್ಡಿನ ಕೆಳಗೆ ಗೋಡೆಗೆ ಬೆನ್ನು ಕೊಟ್ಟು ಕೂತಳು. ಯಾರಾದರೂ ಬಂದು ಸ್ವಿಚ್ ಆರಿಸಿಯಾರು ಎಂಬ ಭಯ ಅವಳಿಗೆ. "ನನ್ನ ತಲೆ ಮ್ಯಾಲೆ ಕೈ ಮಡಗಿ ಆರಿಸ್ಲಿ ನೋಡಾನ" ಎನ್ನುತ್ತಿದ್ದಳು. ಗಾಜಿನ ಮೇಲೆ ಮಂಜು ಕಟ್ಟುತ್ತಿತ್ತು. ಭಾರ್ಗವಿ ಒರೆಸುತ್ತಿದ್ದಳು. ಊದಿದ ಮಗ್ಗುಲು ಇಳಿಯಲಿಲ್ಲ. ಹೆಚ್ಚಾಗಲೂ ಇಲ್ಲ. ಎರಡನೇ ದಿನ ಹಿಂದೂಪುರದಿಂದ ಲೈನ್ ಸೂಪರ್‌ವೈಸರ್ ಮೆಸೇಜ್ ಹಾಕಿದ: ನಾಳೆ ಬರದಿದ್ದರೆ ನಿನ್ನ ಮೆಷಿನ್ನಿಗೆ ಬೇರೆಯವರು. ಅವಳು ಅದನ್ನು ಓದಿ, ಫೋನನ್ನು ಚಾರ್ಜಿಗೆ ಹಾಕಿ, ಮತ್ತೆ ಗಾಜು ಒರೆಸಲು ಕೂತಳು.

ಮೂರನೇ ದಿನ ಮಧ್ಯಾಹ್ನ ಹನ್ನೆರಡೂವರೆಗೆ ರಾಮಾಂಜಿನಮ್ಮ ಬಂದಳು. ಕಲ್ಯಾಣದುರ್ಗದ ಕಡೆಯಿಂದ ಬಂದ ಜೀಪು ಊರ ಬಾಗಿಲಲ್ಲಿ ಇಳಿಸಿತ್ತು. ಎಳೆದು ತರುವ ಸೂಟ್‌ಕೇಸಿನ ಒಂದು ಚಕ್ರ ಮುರಿದಿತ್ತು. ಅದನ್ನು ಹೊತ್ತುಕೊಂಡೇ ಬಂದಳು. ಒಂಬತ್ತು ವರ್ಷದ ಹಿಂದೆ ಹೋದವಳು ಇವಳೇನಾ ಎಂದು ಭಾರ್ಗವಿ ಗಳಿಗೆ ಹೊತ್ತು ನೋಡಿದಳು. ತಲೆಗೂದಲು ಮುಂದೆಲ್ಲ ಉದುರಿತ್ತು. ಕೈ ಬೆರಳಿನ ಚರ್ಮ ಸುಲಿದು ಸುಲಿದು ಗಾಜಿನಂತೆ ಹೊಳೆಯುತ್ತಿತ್ತು.

ಅಕ್ಕ ಯಾರನ್ನೂ ತಬ್ಬಲಿಲ್ಲ. ನೇರ ಪೆಟ್ಟಿಗೆಯ ಹತ್ತಿರ ಹೋದಳು. ಗಾಜಿನೊಳಗೆ ನೋಡಿದಳು. ಬಗ್ಗಿ ನೋಡಿದಳು. ಆ ಕಡೆಗೆ ಹೋಗಿ ಅಲ್ಲಿಂದ ನೋಡಿದಳು.

"ಇದು ಅವ್ವನಾ?"

ಭಾರ್ಗವಿ ಗಾಜಿನ ಮೇಲಿನ ಮಂಜು ಒರೆಸಿದಳು.

"ಎಷ್ಟೊತ್ತು ಹೊರಗಿತ್ತೇ?"

"ಏಳು ಗಂಟೆ ಅಕ್ಕ. ಬೀಗ ತೆಗೀಲಿಲ್ಲ."

ರಾಮಾಂಜಿನಮ್ಮ ಮುಚ್ಚಳ ತೆಗೆಸಿದಳು. ಊದದೆ ಉಳಿದಿದ್ದ ಮಗ್ಗುಲಿಗೆ ಬಂದು ಕೂತಳು. ಆ ಕಡೆಯ ಕೆನ್ನೆಗೆ ತನ್ನ ಕೆನ್ನೆ ಇಟ್ಟಳು. ಅಲ್ಲಿ ಮಾತ್ರ ಅವ್ವ ಇನ್ನೂ ಅವ್ವನ ಹಾಗಿದ್ದಳು. ಆಮೇಲೆ ಅತ್ತಳು. ಬಾಯಿಗೆ ಬಟ್ಟೆ ತುರುಕಿಕೊಳ್ಳದೆ, ಊರಿಗೆಲ್ಲ ಕೇಳುವ ಹಾಗೆ ಅತ್ತಳು. ಹೆಂಗಸರು ತಡೆಯಲಿಲ್ಲ.

ನಾರಪ್ಪ ಕುಣಿ ತೆಗೆದು ಮುಗಿಸಿ ಬಂದ. ಮಂಚ ಸಿದ್ಧವಾಯಿತು. ಅವ್ವನನ್ನು ಮಂಚಕ್ಕೆ ಮಲಗಿಸಿದರು. ಆ ಹೊತ್ತಿಗೆ ಹಾಲೇಶ ನಾಲ್ಕು ಬಕೆಟ್ ನೀರು ತರಿಸಿ ಮೆಟ್ಟಿಲ ಮೇಲೆ ಇಡಿಸಿದ. ಎರಡರಲ್ಲಿ ಸಗಣಿ ಕದಡಿತ್ತು. ಪಕ್ಕದಲ್ಲಿ ಒಂದು ಕಟ್ಟು ಹೊಸ ಪೊರಕೆ. ಹಿಂದೆ ಮೇಲಿನ ಕೇರಿಯ ಇಪ್ಪತ್ತು ಜನ. ತೋಟಪ್ಪನೂ ಇದ್ದ. ಮಾತಾಡಿದ್ದು ಮಗನೇ.

"ನೀವು ಕೇಳಿದ್ದು ಆಯ್ತಲ್ಲ? ಈಗ ನಮ್ಮ ಮಾತು ಒಂದು. ಭವನ ತೊಳ್ದು ಹೋಗ್ರಿ. ಒಳ್ಗೂ, ಮೆಟ್ಲೂ, ಬೀದೀನೂ. ಆಮ್ಯಾಲೆ ಹೆಣ ಎತ್ರಿ."

ಓಬಕ್ಕ ಬಗ್ಗಿದಳು. ಅವಳ ಕೈ ಪೊರಕೆಯ ಕಡೆ ಹೋಯಿತು. ಅರವತ್ತು ವರ್ಷ ಹೀಗೆ ಯಾರಾದರೂ ಹೇಳಿದ ಕೂಡಲೇ ಬಗ್ಗಿದ ಬೆನ್ನು ಅದು. ಯೋಚನೆ ಮಾಡುವ ಮೊದಲೇ ಬಗ್ಗಿಬಿಟ್ಟಿತ್ತು. ಭಾರ್ಗವಿಗೆ ಸುಡುವ ನೆಲದ ಮೇಲಿದ್ದ ತನ್ನ ಅಂಗಾಲು ನೆನಪಾಯಿತು. ಅವಳು ಮುಂದೆ ಹೋಗುವಷ್ಟರಲ್ಲಿ ಅಕ್ಕ ಓಬಕ್ಕನ ಮುಂಗೈ ಹಿಡಿದಿದ್ದಳು.

"ಬುಡು ಓಬಕ್ಕ."

"ತೊಳ್ದು ಹೋಗಾನ ಕಣಮ್ಮ. ಐದು ನಿಮಿಷದ ಕೆಲ್ಸ. ಯಾಕ್ಬೇಕು..."

"ಬುಡು ಅಂದೆ."

ರಾಮಾಂಜಿನಮ್ಮ ಹಾಲೇಶನ ಕಡೆ ತಿರುಗಿದಳು. ಅಳು ನಿಂತಿತ್ತು. 

"ಒಂಬತ್ತು ವರ್ಷ ನೆಲ ತೊಳ್ದಿದೀನಿ ಹಾಲೇಶಪ್ಪ. ಮೂರು ಮಹಡಿ ಮನೆ, ದಿನಕ್ಕೆರಡು ಸಲ. ಅದು ನನ್ನ ಕೂಲಿ, ತೊಳ್ದೆ. ನಮ್ಮವ್ವ ಮಲಗಿದ ನೆಲ ಮೈಲಿಗೆ ಅಂತ ನಾನು ತೊಳ್ಯಲ್ಲ. ನಮ್ಮೋರು ಯಾರೂ ತೊಳ್ಯಲ್ಲ."

"ತೊಳ್ಯಲ್ಲ ಅಂದ್ರೆ ನೀರಿನ ಪ್ಲಾಂಟ್ ಕಾರ್ಡು ಬಂದ್ ಮಾಡಿಸ್ತೀವಿ. ಇವತ್ತಿಂದ್ಲೇ. ಆಮ್ಯಾಲೆ ಹಳ್ಳದಾಗೆ ಒರತೆ ತೋಡ್ಕಂಡು ಕುಡೀರಿ."

ಅಕ್ಕ ಕಾಲೋನಿಯವರ ಮುಖ ನೋಡಿದಳು. ಅವಳು ಐದು ದಿನದಲ್ಲಿ ಹೊರಟು ಹೋಗುವವಳು. ಆ ನೀರು ಕುಡಿಯದೆ ಇಲ್ಲಿ ಬದುಕಬೇಕಾದವರು ಇವರು. ಓಬಕ್ಕನ ಮುಂಗೈ ಬಿಟ್ಟಳು.

ಓಬಕ್ಕನ ಕೈ ಇನ್ನೂ ಪೊರಕೆಯ ಮೇಲೇ ಇತ್ತು.  ಅವಳು ಪೊರಕೆ ಬಿಟ್ಟು ಸೊಂಟ ನೆಟ್ಟಗೆ ಮಾಡಿದಳು. ಮಾಡುವಾಗ ನೋವಿಗೆ ಮುಲುಗಿದಳು.

"ಮಾಡಿಸ್ಕ ಹೋಗಪ್ಪ" ಅಂದಳು.

ಮಂಚ ಎದ್ದಿತು. ತಲೆಯ ಕಡೆ ಅಕ್ಕ, ತಂಗಿ. ಕಾಲ ಕಡೆ ನಾರಪ್ಪ, ಓಬಕ್ಕ. ಬಕೆಟ್‌ಗಳ ನಡುವೆ ಜಾಗ ಮಾಡಿಕೊಂಡು ಮೆಟ್ಟಿಲಿಳಿದರು. ಹಳ್ಳದ ದಂಡೆಗೆ ಹೋಗಲಿಲ್ಲ. ಬಂದ ಬೀದಿಯಲ್ಲೇ, ನಡುಮಧ್ಯದಲ್ಲೇ ಹೋದರು. ಹಿಂದಿನಿಂದ ಹಾಲೇಶ ಏನೇನೋ ಕೂಗುತ್ತಿದ್ದ. ಯಾರೂ ತಿರುಗಲಿಲ್ಲ.

ಮಣ್ಣು ಎಳೆದು, ಕೈಕಾಲು ತೊಳೆದುಕೊಳ್ಳಲು ಕಾಲೋನಿಯ ಹೆಂಗಸರು ಪ್ಲಾಂಟಿನ ಹತ್ತಿರ ಬಂದಾಗ ಮೂರು ಗಂಟೆ. ಶಟರು ಎಳೆದಿತ್ತು.

ಅಲ್ಲಿಂದ ಭವನ ಕಾಣುತ್ತಿತ್ತು. ಬಾಗಿಲು ಹಾಕಿರಲಿಲ್ಲ. ಮೆಟ್ಟಿಲ ಮೇಲೆ ನಾಲ್ಕು ಬಕೆಟ್ ಇಟ್ಟಲ್ಲೇ ಇದ್ದವು. ಮೇಲಿನ ಕೇರಿಯ ಇಪ್ಪತ್ತು ಜನ ನೆರಳಿಗೆ ಸರಿದು, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಪೊರಕೆಯ ಕಟ್ಟನ್ನು ಯಾರೂ ಇನ್ನೂ ಬಿಚ್ಚಿರಲಿಲ್ಲ.